ಹೊಳೆಯ ನಡುವಿನ ನೆಲ: ಇಬ್ಬರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ
ಮಾನ್ಯ ಜಿಲ್ಲಾಧಿಕಾರಿಗಳು, ಚಾಮರಾಜನಗರ
ಜೊತೆಗೆ ಮಳವಳ್ಳಿ, ಕೊಳ್ಳೇಗಾಲದ ನನ್ನ ಜನರಿಗೆ

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಹೇಳಬೇಕಾದ ನೆಲ ನಿಮ್ಮಿಬ್ಬರ ನಡುವೆ ಇದೆ. ಒಬ್ಬರಿಗೆ ಮಾತ್ರ ಬರೆದರೆ ಅರ್ಧ ಮಾತು ಬಾಯಲ್ಲೇ ಉಳಿದುಬಿಡುತ್ತದೆ.

ನಾನು ಮಳವಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ನಮ್ಮಪ್ಪ ಶಿವನಸಮುದ್ರದ ಬ್ಲಫ್ ಎಂಬ ಜಾಗದ ಜಲವಿದ್ಯುತ್ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಮಳೆಗಾಲದಲ್ಲಿ ಗಗನಚುಕ್ಕಿ ಜಲಪಾತದ ಸದ್ದು ಕೇಳಿಕೊಂಡೇ ಮಲಗುತ್ತಿದ್ದೆವು. ದಸರಾ ರಜಕ್ಕೆ ಅಜ್ಜಿ ಮನೆಗೆ ಹೋದರೆ ಮೊದಲ ಎರಡು ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಏನೋ ನಿಂತುಹೋಗಿದೆ ಅನ್ನಿಸುತ್ತಿತ್ತು.

ಶಿವನಸಮುದ್ರದ ವಿಷಯ ಬರೆಯುತ್ತಿದ್ದೇನೆ ಎಂದು ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಆದರೆ ಅಲ್ಲಿನ ಎರಡು ಚುಕ್ಕಿಗಳ, ಅಂದರೆ ಜಲಪಾತಗಳ ಬಗ್ಗೆ ಅಲ್ಲ. ಚುಕ್ಕಿಗಳನ್ನು ನೋಡಲು ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಆ ಎರಡು ಚುಕ್ಕಿಗಳ ನಡುವೆ ಒಂದು ದ್ವೀಪ ಇದೆ. ಅದರ ಬಗ್ಗೆ ಬರೆಯುತ್ತಿದ್ದೇನೆ.

ಕಾವೇರಿ ಇಲ್ಲಿ ಎರಡು ಕವಲಾಗುತ್ತಾಳೆ. ಪಡುವಣ ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಮೂಡಣ ಕವಲು ಭರಚುಕ್ಕಿಯಾಗಿ. ಕೆಳಗೆ ಕಣಿವೆಯಲ್ಲಿ ಎರಡೂ ಮತ್ತೆ ಕೂಡುತ್ತವೆ. ಈ ಎರಡು ತೋಳುಗಳ ನಡುವೆ ಸಿಕ್ಕ ನೆಲವೇ ದ್ವೀಪ. ಉದ್ದ ಸುಮಾರು 3 ಮೈಲಿ, ಅಗಲ ಒಂದು ಮೈಲಿಗೂ ಕಡಿಮೆ. ಹಳೆಯ ಗ್ಯಾಸೆಟಿಯರ್‌ಗಳಲ್ಲಿ ಇದಕ್ಕೆ ಹೆಗ್ಗೂರ ಎಂಬ ಹೆಸರೂ ಇದೆ. ಇಷ್ಟು ಸಣ್ಣ ಜಾಗದಲ್ಲಿ ಒಂದು ಪುಟ್ಟ ಊರು, ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ಗಗನಚುಕ್ಕಿಯ ನೆತ್ತಿಯ ಹತ್ತಿರ ಮರ್ದಾನೆ ಗೈಬ್ ದರ್ಗಾ, ಸುತ್ತ ಕುರುಚಲು ಕಾಡು. ಇದರ ಮೇಲೆ ಗಾಡಿ ಓಡಿಸಿಕೊಂಡು ಹೋದವರಿಗೂ ತಾವು ಒಂದು ದ್ವೀಪದ ಮೇಲಿದ್ದೇವೆ ಎಂದು ಗೊತ್ತಾಗುವುದಿಲ್ಲ. ನನ್ನ ಮಕ್ಕಳನ್ನೇ ಕೇಳಿದ್ದೇನೆ. ಹತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವ ಹುಡುಗರು. "ದ್ವೀಪ ಅಂದ್ರೆ ಅಂಡಮಾನ್ ಸಾರ್" ಅನ್ನುತ್ತಾರೆ.

ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಲ್ಲಿ ನಿಂತು ಯಾರೂ ಅವರಿಗೆ ಹೇಳಿಲ್ಲ.

ಮೂರು ರಂಗರ ಮಾತು ನಿಮಗೆ ಗೊತ್ತೇ ಇದೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಕಾವೇರಿಯ ದ್ವೀಪಗಳ ಮೇಲೆ ಮಲಗಿದ್ದಾರೆ. ಆದಿರಂಗನ ಊರಿಗೆ ಕೋಟೆ, ರೈಲು, ಹೆದ್ದಾರಿ ಎಲ್ಲ ಇದೆ. ಅಂತ್ಯರಂಗನ ಗೋಪುರವನ್ನು ದೇಶವೇ ಬಲ್ಲದು. ನಮ್ಮ ಮಧ್ಯರಂಗನ ಹತ್ತಿರ ವೈಕುಂಠ ಏಕಾದಶಿಯಂಥ ದಿನ ಬಿಟ್ಟರೆ ಜಾಸ್ತಿ ಗದ್ದಲ ಇರುವುದಿಲ್ಲ. ಮಧ್ಯಾಹ್ನ ಹೋದರೆ ಪ್ರಾಕಾರದಲ್ಲಿ ಪಾರಿವಾಳದ ಸದ್ದು ಕೇಳುತ್ತದೆ. ಆ ಮೌನ ನನಗೆ ತುಂಬಾ ಇಷ್ಟ. ಅದನ್ನು ಕೆಡಿಸಿ ಎಂದು ನಾನು ಕೇಳುತ್ತಿಲ್ಲ.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ. ನನ್ನ ಪತ್ರದ ಮೂಲ ಅಲ್ಲೇ ಇದೆ.

ದ್ವೀಪ ಕೊಳ್ಳೇಗಾಲ ತಾಲೂಕಿಗೆ ಸೇರಿದ್ದು. ಪಡುವಣ ಕವಲಿನ ಆಚೆ ದಡ, ಪವರ್ ಹೌಸು, ಗಗನಚುಕ್ಕಿಯನ್ನು ಎದುರಿಗೆ ನೋಡುವ ಜಾಗ, ಇವೆಲ್ಲ ಮಳವಳ್ಳಿ ತಾಲೂಕು. ಇದು ಇವತ್ತಿನ ಗಡಿ ಅಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮದರಾಸಿನ ಆಡಳಿತದಲ್ಲಿತ್ತು. ಅಂದರೆ ಹೊಳೆಯ ಈ ದಡ ಮೈಸೂರು ಮಹಾರಾಜರದು, ನಡುವಿನ ದ್ವೀಪ ಮದರಾಸಿನದು. ಆಮೇಲೆ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಹೋಯಿತು. ಈ ಕಡೆ 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ನೂರಾರು ವರ್ಷದಿಂದ ಈ ಪುಟ್ಟ ದ್ವೀಪ ಯಾವಾಗಲೂ ಯಾರದೋ ಅಂಚಿನಲ್ಲೇ ಇದೆ. ಅಂಚಿನಲ್ಲಿರುವುದನ್ನು ಯಾರೂ ಕಣ್ಣು ತುಂಬಾ ನೋಡುವುದಿಲ್ಲ.

ಅದಕ್ಕೂ ಹಿಂದೆ ಇದು ಅಂಚಾಗಿರಲಿಲ್ಲ. ಉಮ್ಮತ್ತೂರಿನ ಪಾಳೆಯಗಾರ ಗಂಗರಾಜನಿಗೆ ಇದು ಬಲವಾದ ನೆಲೆ. ಎರಡೂ ಕಡೆ ಹರಿಯುವ ಹೊಳೆ, ಹಿಂದೆ ಪ್ರಪಾತ. ಇದಕ್ಕಿಂತ ಒಳ್ಳೆ ಕೋಟೆಯನ್ನು ಯಾರು ತಾನೇ ಕಟ್ಟಬಲ್ಲರು? 16ನೇ ಶತಮಾನದ ಮೊದಲಲ್ಲಿ, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿ, ವಿಜಯನಗರದ ಸೇನೆ ಇಲ್ಲಿಗೆ ಬಂದು ಗಂಗರಾಜನನ್ನು ಸೋಲಿಸಿತು. ಆಮೇಲೆ ಊರು ಹಾಳುಬಿತ್ತು, ಕಾಡು ಬೆಳೆಯಿತು. ಒಬ್ಬ ಅರಸ ಹೆಂಡತಿಯ ಜೊತೆ ಕುದುರೆ ಏರಿ ಗಗನಚುಕ್ಕಿಗೆ ಧುಮುಕಿದ ಎಂಬ ಐತಿಹ್ಯ ಈ ಕಡೆ ಇದೆ. ನಮ್ಮಜ್ಜಿ ಅದನ್ನು ಹೇಳುವಾಗ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿದ್ದರು ಅಂತ ಸೇರಿಸುತ್ತಿದ್ದರು. ನನಗೆ ಅರಸನಿಗಿಂತ ಕುದುರೆಯ ಮೇಲೆ ಜಾಸ್ತಿ ಮರುಕ ಬರುತ್ತಿತ್ತು.

ಹಾಳುಬಿದ್ದ ದ್ವೀಪಕ್ಕೆ ಮತ್ತೆ ದಾರಿ ಮಾಡಿದವರು ರಾಮಸ್ವಾಮಿ ಮೊದಲಿಯಾರ್. ಸುಮಾರು 200 ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟರ ಬಳಿ ಕೆಲಸಕ್ಕಿದ್ದವರು. ಕಾಡು ಕಡಿಸಿದರು, ಗುಡಿಗಳನ್ನು ಸರಿಪಡಿಸಿದರು, ದಾರಿಹೋಕರಿಗೆ ಛತ್ರ ಮಾಡಿಸಿದರು, ಹೊಳೆಯ ಎರಡೂ ಕವಲುಗಳಿಗೆ ಸೇತುವೆ ಕಟ್ಟಿಸಿದರು. ಅದಕ್ಕೆ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದು ಸಿಕ್ಕಿತು, ಜಹಗೀರಿಯೂ ಸಿಕ್ಕಿತು. ಬಿರುದು ಕೊಡುವುದಕ್ಕೆ ಎಷ್ಟು ಒಳ್ಳೆಯ ಕಾರಣ, ಅಲ್ವಾ? ಯುದ್ಧ ಗೆದ್ದದ್ದಕ್ಕಲ್ಲ. ಜನ ಹೊಳೆ ದಾಟಲಿ ಅಂತ ಕಲ್ಲು ನಿಲ್ಲಿಸಿದ್ದಕ್ಕೆ.

ಆ ಸೇತುವೆ ಕಟ್ಟಿದ ಬಗೆಯನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಕಮಾನು ಇಲ್ಲ. ಉದ್ದುದ್ದ ಕಲ್ಲುಕಂಬಗಳನ್ನು ಹೊಳೆಯ ಬಂಡೆಯಲ್ಲೇ ನೆಟ್ಟು, ಅವುಗಳ ತಲೆಯ ಮೇಲೆ ಕಲ್ಲುತೊಲೆ ಇಟ್ಟು, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ನಮ್ಮ ಗುಡಿಗಳ ಮಂಟಪ ಕಟ್ಟುವ ರೀತಿಯಲ್ಲೇ ಸೇತುವೆ. ಶಿಲ್ಪಿಗಳಿಗೆ ಕಂಬ ನಿಲ್ಲಿಸುವುದು ಗೊತ್ತಿತ್ತು. ಅದೇ ವಿದ್ಯೆಯನ್ನು ಹೊಳೆಯ ಮಧ್ಯಕ್ಕೆ ಒಯ್ದರು. ಜನ ಇದನ್ನು ವೆಸ್ಲಿ ಸೇತುವೆ ಅನ್ನುತ್ತಾರೆ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಬೇರೆ, ಇದು ಬೇರೆ. ನನ್ನ ಹುಡುಗರು ಪರೀಕ್ಷೆಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೆ ಹೇಳಿದೆ.

2018ರಲ್ಲಿ ಕೆಆರ್‌ಎಸ್, ಕಬಿನಿ ಎರಡೂ ಕಡೆಯಿಂದ ನೀರು ಬಂದಾಗ ಈ ಹಳೇ ಸೇತುವೆಯ ಒಂದಷ್ಟು ಭಾಗ ಕುಸಿಯಿತು. ಎಷ್ಟೋ ಪ್ರವಾಹ ಕಂಡಿದ್ದ ಕಂಬಗಳು. ನೀರು ಇಳಿದ ಮೇಲೆ ನಾನು ಹೋಗಿ ನೋಡಿದೆ. ಚಪ್ಪಡಿಗಳು ಬಂಡೆಗಳ ನಡುವೆ ಓರೆಯಾಗಿ ಬಿದ್ದಿದ್ದವು. ಉಳಿ ಗುರುತು ಇನ್ನೂ ಕಾಣುತ್ತಿತ್ತು. ಕೈ ಇಟ್ಟು ನೋಡಿದೆ. ಆ ಗುರುತು ಮಾಡಿದವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಆ ಕಲ್ಲಿನ ಮೇಲೆ ಮಾತ್ರ ಅವನ ಕೈ ಇದೆ.

ನನ್ನ ಮೊದಲ ಕೋರಿಕೆ ಇದು. ಬಿದ್ದ ಕಲ್ಲುಗಳನ್ನು ಅಲ್ಲಿಂದ ಯಾರೂ ಸಾಗಿಸದಂತೆ ನೋಡಿಕೊಳ್ಳಿ. ಒಂದೊಂದಕ್ಕೂ ನಂಬರ್ ಹಾಕಿಸಿ. ಯಾವುದು ಎಲ್ಲಿತ್ತು ಎಂದು ಬರೆಸಿಡಿ. ಸೇತುವೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಇವತ್ತು ದುಡ್ಡು ಇಲ್ಲದಿರಬಹುದು. ಹತ್ತು ವರ್ಷದ ಮೇಲೆ ಇರಬಹುದು. ಆಗ ಕಲ್ಲೇ ಇರದಿದ್ದರೆ ದುಡ್ಡು ಇದ್ದು ಏನು ಪ್ರಯೋಜನ? ಉಳಿದ ಕಂಬಗಳ ನಡುವೆ ಬೇರು ಬಿಟ್ಟಿರುವ ಆಲ, ಅರಳಿ ಸಸಿಗಳನ್ನು ಈ ಬೇಸಿಗೆಯಲ್ಲೇ ತೆಗೆಸಬಹುದು. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ಇನ್ನು ಪವರ್ ಹೌಸು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆದರೆ ಕ್ಷಮಿಸಿ, ಅಪ್ಪನ ಜಾಗ ಅದು.

ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಬೇಕಿತ್ತು. ಕಾವೇರಿ ಇಲ್ಲಿ ಸುಮ್ನೆ ಬೀಳುತ್ತಿದ್ದಳು. ದಿವಾನ್ ಶೇಷಾದ್ರಿ ಅಯ್ಯರ್ ಧೈರ್ಯ ಮಾಡಿದರು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಯೋಜನೆ ಮಾಡಿದರು. ಟರ್ಬೈನು ಸ್ವಿಟ್ಜರ್ಲೆಂಡಿನಿಂದ ಬಂತು, ವಿದ್ಯುತ್ ಯಂತ್ರಗಳು ಅಮೆರಿಕದಿಂದ ಬಂದವು. ಕಣಿವೆಗೆ ಅವನ್ನು ಮುಟ್ಟಿಸಿದ್ದು ಎತ್ತು, ಆನೆ ಮತ್ತು ಮನುಷ್ಯರ ಭುಜ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ 92 ಮೈಲಿ ದಾಟಿ ಕೋಲಾರ ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರಲ್ಲೇ ತೀರಿಕೊಂಡಿದ್ದರು. ಆಗ ಮೈಸೂರನ್ನು ಆಳುತ್ತಿದ್ದವರು ಒಬ್ಬ ಹೆಣ್ಣುಮಗಳು, ರಾಜಮಾತೆ ವಾಣಿವಿಲಾಸ ಸನ್ನಿಧಾನ. ಇದನ್ನು ತರಗತಿಯಲ್ಲಿ ಹೇಳಿದಾಗ ಹೆಣ್ಣುಮಕ್ಕಳು ನೆಟ್ಟಗೆ ಕೂರುತ್ತಾರೆ.

ಇದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಒಂದು ಸಣ್ಣ ಕೇಂದ್ರ ಶುರುವಾಗಿತ್ತು. ನಮ್ಮದಕ್ಕೆ ಇಲ್ಲದ ಕಿರೀಟ ಬೇಡ. ಇರುವುದೇ ಸಾಕಷ್ಟು ದೊಡ್ಡದು. ಇಲ್ಲಿಯ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದವು. 1908ರಲ್ಲಿ ಮೈಸೂರಿನಲ್ಲಿ ಹತ್ತಿದವು. ಬೇಸಿಗೆಯಲ್ಲೂ ಇಲ್ಲಿಗೆ ನೀರು ಸಾಲದೆ ಗಣಿಗೆ ವಿದ್ಯುತ್ ಕಡಿಮೆಯಾಗಬಾರದು ಎಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಒಂದು ಮುಖ್ಯ ಕಾರಣ. ಇವತ್ತು ಮಂಡ್ಯದ ಗದ್ದೆಗೆ ನಾಲೆ ನೀರು ಬರುತ್ತಿದ್ದರೆ ಅದರ ಕಥೆ ಈ ಕಣಿವೆಯ ಮೂಲಕ ಹಾದುಹೋಗುತ್ತದೆ. ಯಾರ ಗಣಿಗಾಗಿ ಇಷ್ಟೆಲ್ಲ ಆಯಿತೋ ಆ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಬ್ಲಫ್‌ನ ಯಂತ್ರಗಳು ಇನ್ನೂ ತಿರುಗುತ್ತಿವೆ. ಈಗಿನ ಸಾಮರ್ಥ್ಯ 42 ಮೆಗಾವಾಟ್.

ಅಜ್ಜಿ ಹೇಳುತ್ತಿದ್ದ ಇನ್ನೊಂದು ಮಾತಿದೆ. "ಬ್ಲಫ್ ಕಡೆ ರಾತ್ರಿ ಆಕಾಶ ಬೆಳ್ಳಗೆ ಕಾಣ್ತಿತ್ತು ಮಗಾ, ನಮ್ಮನೇಲಿ ಬುಡ್ಡಿ ದೀಪ." ಕಂಬಗಳು ನಮ್ಮ ಹೊಲದ ಮೇಲೇ ಹಾದು ದೂರದ ಊರಿಗೆ ಹೋದವು. ಹತ್ತಿರದ ಹಟ್ಟಿಗಳಿಗೆ ದೀಪ ಎಷ್ಟೋ ವರ್ಷ ತಡವಾಗಿ ಬಂತು. ಇದನ್ನು ದೂರಾಗಿ ಹೇಳುತ್ತಿಲ್ಲ. ಈ ನೆಲದ ಕಥೆಯಲ್ಲಿ ಇದೂ ಸೇರಬೇಕು ಅಂತ ಹೇಳುತ್ತಿದ್ದೇನೆ.

ಮಂಡ್ಯದ ಜಿಲ್ಲಾಧಿಕಾರಿಗಳೇ, ವರ್ಷಕ್ಕೆ ಒಂದು ದಿನ, ಜೂನ್ 30ರಂದು, ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳು ಪವರ್ ಹೌಸಿನ ಒಳಗೆ ಹೋಗಿ ನೋಡಲು ಅವಕಾಶ ಮಾಡಿಸಿಕೊಡಿ. ಭದ್ರತೆಯ ತೊಂದರೆ ನನಗೆ ಅರ್ಥವಾಗುತ್ತದೆ. ಐವತ್ತೇ ಮಕ್ಕಳು ಸಾಕು. ಸಾಲಾಗಿ ಬರುತ್ತೇವೆ, ಯಾವುದನ್ನೂ ಮುಟ್ಟುವುದಿಲ್ಲ. ಟ್ರಾಲಿಯಲ್ಲಿ ಕಣಿವೆಗೆ ಇಳಿಯುವಾಗ ಅಪ್ಪ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇವತ್ತಿಗೂ ನೆನಪಿದೆ. ನಾನು ಮೇಷ್ಟ್ರಾದದ್ದರ ಹಿಂದೆ ಆ ಒಂದು ಇಳಿಜಾರು ಇದೆ ಅನ್ನಿಸುತ್ತದೆ.

ಮಂಡ್ಯ ಜಿಲ್ಲೆಯಿಂದ ಜಲಪಾತೋತ್ಸವ ಮಾಡುತ್ತೀರಿ. ಅದು ನನಗೆ ಸಂತೋಷವೇ. ಬಣ್ಣದ ದೀಪದಲ್ಲಿ ಚುಕ್ಕಿ ಚೆಂದ ಕಾಣುತ್ತದೆ. ಹಳ್ಳಿಗಳಿಂದ ಹೆಂಗಸರು, ಮುದುಕರು ಟ್ರಾಕ್ಟರಿನಲ್ಲಿ ಬಂದು ನೋಡುತ್ತಾರೆ. ಅವರಿಗೂ ಒಂದು ಹಬ್ಬ ಬೇಕಲ್ಲ. ಆದರೆ ಚುಕ್ಕಿ ಇರುವುದು ಮಳೆಗಾಲದ ಮೂರು ನಾಲ್ಕು ತಿಂಗಳು. ದ್ವೀಪ ಹನ್ನೆರಡು ತಿಂಗಳೂ ಇರುತ್ತದೆ.

ನಿಜ ಹೇಳಬೇಕೆಂದರೆ ದ್ವೀಪ ಕಾಣುವುದೇ ಬೇಸಿಗೆಯಲ್ಲಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ "ನೀರೇ ಇಲ್ಲ, ಏನು ನೋಡೋದು" ಅಂತ ಜನ ವಾಪಸು ಹೋಗುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದು ಆಗಲೇ. ನೀರು ಹರಿದು ಹರಿದು ಬಂಡೆಯಲ್ಲಿ ಕೊರೆದ ಗುಳಿಗಳು ಆಗ ತೆರೆದುಕೊಂಡಿರುತ್ತವೆ. ಕೆಲವು ಒರಳಿನಷ್ಟು ದುಂಡಗೆ. ಒಳಗೆ ಉರುಟು ಕಲ್ಲುಗಳು, ಆ ಗುಳಿಯನ್ನು ತಿರುಗಿ ತಿರುಗಿ ಕೊರೆದ ಕಲ್ಲುಗಳೇ. ಈ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ದಡದ ಹೊಳೆಮತ್ತಿ ಮರಗಳ ಬೇರು ಬಂಡೆಯನ್ನು ಅಪ್ಪಿಕೊಂಡಿರುವುದು ಕಾಣುತ್ತದೆ. ಮರಳಿನ ಮೇಲೆ ನೀರುನಾಯಿಯ ಹೆಜ್ಜೆ ಇರುತ್ತದೆ. ಪಕ್ಕದಲ್ಲೇ ಮೀನಿನ ಹುರುಪೆ, ಏಡಿಯ ಚಿಪ್ಪು. ಹೋದ ವರ್ಷ ಒಬ್ಬ ಹುಡುಗಿ ಆ ಹೆಜ್ಜೆಯ ಪಕ್ಕ ತನ್ನ ಅಂಗೈ ಇಟ್ಟು ಅಳತೆ ನೋಡಿದಳು. ಅವಳಿಗೆ ಆ ದಿನದ ಪಾಠ ಅಲ್ಲಿಗೆ ಮುಗಿದಿತ್ತು. ನನಗೂ.

ಇಲ್ಲಿಂದ ಕೆಳಗೆ ಹೊಳೆ ಕಾವೇರಿ ವನ್ಯಜೀವಿಧಾಮದ ಕಣಿವೆಯಲ್ಲಿ ಹರಿದು ಮುತ್ತತ್ತಿ, ಮೇಕೆದಾಟು ದಾಟುತ್ತದೆ. ಗೂನು ಬೆನ್ನಿನ ಮಹಶೀರ್ ಈ ಹೊಳೆಯ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಮೀನು. 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ದ್ವೀಪದ ಮೇಲೆ ನಾವು ಬಿಸಾಡಿದ ಪ್ಲಾಸ್ಟಿಕ್ ತಟ್ಟೆ, ಒಡೆದ ಬಾಟಲು ಮೊದಲ ಮಳೆಗೆ ಹೋಗಿ ಸೇರುವುದು ಅದೇ ಮಡುಗಳಿಗೆ. ನನ್ನ ಜನರೇ, ಇದನ್ನು ಜಿಲ್ಲಾಧಿಕಾರಿಗಳು ಮಾಡಿಲ್ಲ. ನಾವು ಮಾಡಿದ್ದೇವೆ. ಮೀನು ಹುರಿಸಿಕೊಂಡು ತಿಂದು, ಮುತ್ತುಗದ ಎಲೆ ಹಾಕುತ್ತಿದ್ದ ಕಾಲದ ಅಭ್ಯಾಸದಲ್ಲೇ ಪ್ಲಾಸ್ಟಿಕ್ಕನ್ನೂ ಹಾಕಿ ಎದ್ದು ಬರುತ್ತೇವೆ. ಎಲೆ ಕರಗುತ್ತಿತ್ತು. ಇದು ಕರಗುವುದಿಲ್ಲ.

ಹಾಗೆಯೇ ಒಂದು ಭಯ. ಅಭಿವೃದ್ಧಿ ಎಂದಾಗ ಬಂಡೆಯ ಮೇಲೆ ಕಾಂಕ್ರೀಟು ಸುರಿಯುವುದು, ಕಬ್ಬಿಣದ ಅಕ್ಷರದಲ್ಲಿ ಊರಿನ ಹೆಸರು ನಿಲ್ಲಿಸುವುದು ಎಷ್ಟೋ ಜಾಗಗಳಲ್ಲಿ ನಡೆದಿದೆ. ದಯವಿಟ್ಟು ಇಲ್ಲಿ ಬೇಡ. ಜನ ಕಾಲು ಜಾರಿ ಸಾಯುವ ಜಾಗಗಳಿಗೆ ಗಟ್ಟಿ ಕಂಬಿ ಬೇಕು, ಎಚ್ಚರಿಕೆ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು. ಅದಕ್ಕಿಂತ ಜಾಸ್ತಿ ಏನೂ ಕಟ್ಟಬೇಡಿ. ಹರಿಗೋಲು ಹಾಕುವ ನಮ್ಮ ಹುಡುಗರಿಗೆ ಸುಳಿ ಎಲ್ಲಿದೆ, ಮಡು ಎಲ್ಲಿದೆ ಎಂದು ಅಂಗೈ ಗೆರೆಯಂತೆ ಗೊತ್ತು. ದ್ವೀಪ ತೋರಿಸುವ ಕೆಲಸ ಅವರಿಗೇ ಸಿಗಲಿ.

ಈಗ ಒಂದು ಸಣ್ಣ ಸಂಗತಿ. ಮೂರು ವರ್ಷದ ಹಿಂದೆ ನನ್ನ ಒಂಬತ್ತನೇ ತರಗತಿಯ ಮಕ್ಕಳು ಹಳೇ ಸೇತುವೆಯ ಬಗ್ಗೆ ಹನ್ನೆರಡು ಸಾಲು ಬರೆದರು. ಅದನ್ನು ಒಂದು ತಗಡಿನ ಫಲಕದ ಮೇಲೆ ಪೇಂಟಿಂಗ್ ಮಾಡಿಸಿದೆವು. ದುಡ್ಡು ಮಕ್ಕಳೇ ಕೂಡಿಸಿದ್ದು. ಅದನ್ನು ಸೇತುವೆಯ ಹತ್ತಿರ ನೆಡಲು ಅನುಮತಿ ಕೇಳಿ ನಾನು ಒಂದು ಕಚೇರಿಗೆ ಹೋದೆ. ಅದು ಹೊಳೆಯ ಆಚೆಯವರಿಗೆ ಸೇರಿದ್ದು ಅಂದರು. ಆಚೆಯ ಕಚೇರಿಗೆ ಹೋದೆ. ರಸ್ತೆಯವರನ್ನು ಕೇಳಿ ಅಂದರು. ರಸ್ತೆಯವರು ಈಗ ಅದು ರಸ್ತೆಯೇ ಅಲ್ಲ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಟೀ ಕೂಡ ಕೊಡಿಸಿದರು. ಆದರೆ ಆ ಸೇತುವೆ ನನ್ನದು ಅನ್ನುವ ಒಬ್ಬರು ಸಿಗಲಿಲ್ಲ. ಆವತ್ತು ಬಸ್ಸಿನಲ್ಲಿ ಬರುವಾಗ ನನಗೆ ತುಂಬಾ ಸಂಕಟವಾಯಿತು. ಆ ಮಕ್ಕಳು ಹತ್ತನೇ ತರಗತಿ ಮುಗಿಸಿ ಹೋದರು. "ಸಾರ್, ಬೋರ್ಡು ನೆಟ್ರಾ" ಅಂತ ಸಂತೆಯಲ್ಲಿ ಸಿಕ್ಕಾಗ ಈಗಲೂ ಕೇಳುತ್ತಾರೆ.

ನನ್ನ ಮುಖ್ಯ ಕೋರಿಕೆ ಇಷ್ಟೇ. ನೀವಿಬ್ಬರೂ ಒಂದು ದಿನ ದ್ವೀಪಕ್ಕೆ ಒಟ್ಟಿಗೆ ಬನ್ನಿ. ಎರಡೂ ಜಿಲ್ಲೆಯ ಪ್ರವಾಸೋದ್ಯಮ, ಪುರಾತತ್ವ, ಅರಣ್ಯ ಇಲಾಖೆಯವರನ್ನು ಕರೆದುಕೊಂಡು ಬನ್ನಿ. ದ್ವೀಪ ಮತ್ತು ಎರಡೂ ದಡಗಳನ್ನು ಸೇರಿಸಿ ಒಂದೇ ಜಾಗ ಎಂದು ಎಣಿಸಿ, ಅದಕ್ಕೆ ಒಂದು ಜಂಟಿ ಸಮಿತಿ ಮಾಡಿ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದಲ್ಲಿ ಸಂತ ಮಂಟೇಸ್ವಾಮಿಯ ಗದ್ದುಗೆ ಇದೆ. ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರಿನಲ್ಲಿ ಅವರ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಇದೆ. ತಂಬೂರಿ ಹಿಡಿದು ಅವರ ಕಥೆ ಹಾಡುವ ನೀಲಗಾರರು, ಒಕ್ಕಲಿನ ಜನ, ಎಷ್ಟೋ ತಲೆಮಾರಿನಿಂದ ಹೊಳೆ ದಾಟಿ ಎರಡೂ ಕಡೆ ಹೋಗಿ ಬರುತ್ತಿದ್ದಾರೆ. ಅವರಿಗೆ ಈ ಹೊಳೆ ಯಾವತ್ತೂ ಗಡಿಯಾಗಿರಲಿಲ್ಲ. ಕಡತಗಳೂ ಹಾಗೇ ದಾಟಲಿ.

ಬರುವುದಾದರೆ ಮಾರ್ಚ್ ಮೊದಲ ವಾರ ಬನ್ನಿ, ಬೆಳಗ್ಗೆ ಏಳು ಗಂಟೆಗೆ, ಬಂಡೆ ಕಾಯುವ ಮುಂಚೆ. ಮಧ್ಯರಂಗನ ಗುಡಿಯ ಮುಂದೆ ನಾನೂ ನಮ್ಮ ಶಾಲೆಯ ಮಕ್ಕಳೂ ಕಾಯುತ್ತಿರುತ್ತೇವೆ. ಫಲಕ ಶಾಲೆಯ ಬೀರುವಿನ ಹಿಂದೆ ಗೋಣಿಚೀಲ ಸುತ್ತಿ ಇಟ್ಟಿದ್ದೇವೆ. ಮೂರು ಅಡಿಗೆ ನಾಲ್ಕು ಅಡಿ. ಬಣ್ಣ ಇನ್ನೂ ಕೆಟ್ಟಿಲ್ಲ. ನೆಡುವುದಕ್ಕೆ ಎರಡು ಕಬ್ಬಿಣದ ಪೈಪು, ಅರ್ಧ ಮೂಟೆ ಸಿಮೆಂಟು ಬೇಕು. ಅದನ್ನು ನಾವೇ ತರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮಳವಳ್ಳಿ ತಾಲೂಕಿನ ಒಬ್ಬ ಶಾಲಾ ಮೇಷ್ಟ್ರು